ಮಡಿಕೆಯೊಳಗಿನ ಕೆಂಪು: ಮಗುವಿನ ಡೈಪರ್ ರ‍್ಯಾಶ್‌ಗೆ ವೈದ್ಯರನ್ನು ಕಂಡ ಅನುಭವ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗಿರುವ ನಮ್ಮ ಊರಿನಲ್ಲಿ ಜೂನ್ ಮಧ್ಯದಿಂದ ಆಗಸ್ಟ್ ಮುಗಿಯುವವರೆಗೆ ಬಟ್ಟೆ ಪೂರ್ತಿ ಒಣಗುವುದೇ ಅಪರೂಪ. ಬಚ್ಚಲೊಲೆಯ ಮೇಲೆ ಕಟ್ಟಿದ ಗಳದಲ್ಲಿ ಹರವಿದ ಲಂಗೋಟಿಗಳು ಹೊಗೆಯ ವಾಸನೆ ಹಿಡಿದು, ಅಂಚಿನಲ್ಲಿ ತೇವ ಉಳಿಸಿಕೊಂಡೇ ಮಗುವಿನ ಮೈಗೆ ಬರುತ್ತವೆ. ಹೀಗಾಗಿ ಬೇಸಿಗೆಯಲ್ಲಿ ರಾತ್ರಿಗೆ ಮಾತ್ರ ಡೈಪರ್ ಹಾಕುತ್ತಿದ್ದ ನಾವು ಮಳೆ ಹಿಡಿದ ಮೇಲೆ ಹಗಲಿಗೂ ಅದನ್ನೇ ನೆಚ್ಚಿಕೊಂಡೆವು. ಮಗಳಿಗೆ ಆಗ ಒಂಬತ್ತು ತಿಂಗಳು ದಾಟಿತ್ತು. ರಾಗಿ ಸರಿ, ಬೇಳೆ ಕಟ್ಟು, ಮೆತ್ತಗೆ ಬೇಯಿಸಿ ಕಿವುಚಿದ ಅನ್ನ ಇವೆಲ್ಲ ಆರಂಭವಾಗಿದ್ದವು. ಡೈಪರ್ ರ‍್ಯಾಶ್ ಹೆಚ್ಚಾಗಿ ಕಾಣಿಸಿಕೊಳ್ಳುವುದು 9ರಿಂದ 12 ತಿಂಗಳ ನಡುವಿನ ಮಕ್ಕಳಲ್ಲಿ ಎಂಬುದನ್ನು ಆಮೇಲೆ ತಿಳಿದುಕೊಂಡಾಗ ನನಗೆ ಆಶ್ಚರ್ಯವಾಗಲಿಲ್ಲ, ಏಕೆಂದರೆ ಎದೆಹಾಲಿನ ಜೊತೆಗೆ ಬೇರೆ ಆಹಾರ ಸೇರುತ್ತಿದ್ದಂತೆ ಮಲದ ಸ್ವರೂಪ, ವಾಸನೆ, ಹೊತ್ತು ಎಲ್ಲವೂ ಬದಲಾಗಿದ್ದನ್ನು ನಾನೇ ನೋಡಿದ್ದೆ.

ಮೊದಲು ಬಂದದ್ದು ಸಾಧಾರಣ ಕೆಂಪು. ಅಂಡಿನ ಉಬ್ಬಿದ ಭಾಗ, ಕಿಬ್ಬೊಟ್ಟೆಯ ಕೆಳಗೆ ಡೈಪರಿನ ಪಟ್ಟಿ ತಗಲುವ ಜಾಗ, ತೊಡೆಯ ಒಳಮೈ ಇಷ್ಟರಲ್ಲೇ ಅದು ಹರಡಿತ್ತು; ತೊಡೆಸಂದಿಯ ಮಡಿಕೆಯನ್ನು ಬಿಡಿಸಿ ನೋಡಿದರೆ ಅಲ್ಲಿಯ ಚರ್ಮ ಎಂದಿನಂತೆಯೇ ಇತ್ತು. ಮೂತ್ರದಲ್ಲಿರುವ ಯೂರಿಯಾವನ್ನು ಮಲದ ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಉಂಟಾಗಿ ಚರ್ಮದ ಸಹಜ ಆಮ್ಲತೆ ತಗ್ಗುತ್ತದೆ, ಆಗ ಮಲದಲ್ಲಿರುವ ಪ್ರೋಟೀನು ಮತ್ತು ಕೊಬ್ಬನ್ನು ಕರಗಿಸುವ ಕಿಣ್ವಗಳು ಚುರುಕುಗೊಂಡು ತೇವದಿಂದ ಮೊದಲೇ ಮೆತ್ತಗಾದ ಚರ್ಮವನ್ನು ಸವೆಸುತ್ತವೆ. ಡೈಪರಿಗೆ ನೇರವಾಗಿ ಒತ್ತಿಕೊಳ್ಳುವ, ಉಜ್ಜಿಸಿಕೊಳ್ಳುವ ಉಬ್ಬುಗಳೇ ಮೊದಲು ಕೆಂಪಾಗಲು ಇದೇ ಕಾರಣ. ಒಳಗೆ ಮಡಚಿಕೊಂಡಿರುವ ಚರ್ಮಕ್ಕೆ ಮೂತ್ರ ಮತ್ತು ಮಲ ಅಷ್ಟಾಗಿ ತಾಗುವುದಿಲ್ಲ. ಈ ಹಂತದ ರ‍್ಯಾಶ್‌ಗೆ ವೈದ್ಯರ ಅಗತ್ಯ ಬೀಳುವುದು ಕಡಿಮೆ. ನಾವು ಎರಡು ಮೂರು ಗಂಟೆಗೊಮ್ಮೆ ಡೈಪರ್ ಬದಲಿಸಿದೆವು, ಮಲ ಹೋದ ಕೂಡಲೇ ಉಗುರುಬೆಚ್ಚನೆಯ ನೀರು ಹನಿಸಿ ಹತ್ತಿಯಿಂದ ಒತ್ತಿ ಒರೆಸಿದೆವು, ಸುವಾಸನೆ ಬೆರೆಸಿದ ವೈಪ್ಸ್ ಬಿಟ್ಟೆವು, ಜಿಂಕ್ ಆಕ್ಸೈಡ್ ಮುಲಾಮನ್ನು ದಪ್ಪಗೆ ಹಚ್ಚಿದೆವು, ಊಟವಾದ ಮೇಲೆ ಒಂದಷ್ಟು ಹೊತ್ತು ಹಳೆಯ ಪಂಚೆಯ ಮೇಲೆ ಬರಿಮೈಯಲ್ಲಿ ಮಲಗಿಸಿದೆವು. ಕೆಂಪು ಎರಡು ದಿನದಲ್ಲಿ ಇಳಿಯಿತು.

ಮುಂದೆ ಕಿವಿನೋವು ಬಂತು. ಅದಕ್ಕೆ ವೈದ್ಯರು ಬರೆದ ಆಂಟಿಬಯೋಟಿಕ್ ಸಿರಪ್ ಕಿವಿಯನ್ನು ಗುಣಪಡಿಸಿತು, ಆದರೆ ಅದರ ಹಿಂದೆಯೇ ಭೇದಿ ಶುರುವಾಯಿತು, ಭೇದಿಯ ಹಿಂದೆಯೇ ಕೆಂಪು ಮರಳಿತು. ಈ ಸಲದ ಕೆಂಪು ಮೊದಲಿನಂತಿರಲಿಲ್ಲವೆಂದು ಈಗ ಸಲೀಸಾಗಿ ಬರೆಯಬಹುದು; ಆದರೆ ಮೋಡ ಕವಿದ ಮಧ್ಯಾಹ್ನ, ಕರೆಂಟಿಲ್ಲದ ಕೋಣೆಯಲ್ಲಿ, ಕಾಲು ಒದರಿ ಅಳುವ ಮಗುವನ್ನು ಹಿಡಿದುಕೊಂಡು ಅದನ್ನು ಗುರುತಿಸುವುದು ಸುಲಭವಲ್ಲ. ಅದರ ಮೇಲೆ ಮೈಬಣ್ಣದ ಮಾತೊಂದಿದೆ. ಮಾಹಿತಿ ಪತ್ರಗಳಲ್ಲಿ ಅಚ್ಚಾಗುವ ಚಿತ್ರಗಳೆಲ್ಲ ಬಿಳಿಯ ಚರ್ಮದ ಮಕ್ಕಳವು, ಅಲ್ಲಿ ರ‍್ಯಾಶ್ ಎಂದರೆ ಎದ್ದು ಕಾಣುವ ಕಡುಗೆಂಪು. ನನ್ನ ಮಗಳದು ಎಣ್ಣೆಗಪ್ಪಿನ ಮೈ. ಅವಳ ಚರ್ಮದ ಮೇಲೆ ಉರಿಯೂತವು ತಾಮ್ರವರ್ಣಕ್ಕೋ ಕಂದುನೇರಳೆಗೋ ತಿರುಗಿತ್ತೇ ಹೊರತು ಕೆಂಪಾಗಿ ಹೊಳೆಯಲಿಲ್ಲ. ಹೀಗಾಗಿ ಬಣ್ಣವೊಂದನ್ನೇ ನಂಬದೆ ಬೆರಳ ಹಿಂಬದಿಯಿಂದ ಮುಟ್ಟಿ ನೋಡುವುದನ್ನು ರೂಢಿಸಿಕೊಂಡೆ: ಸುತ್ತಲಿನ ಚರ್ಮಕ್ಕಿಂತ ಅದು ಬಿಸಿಯಾಗಿತ್ತು, ಸ್ವಲ್ಪ ಊದಿತ್ತು, ಮೇಲ್ಮೈ ಬಿಗಿದುಕೊಂಡು ಮಿರುಗುತ್ತಿತ್ತು.

ಅತ್ತೆ ಅಂಗಳದ ಕಡೆಯ ಕಿಟಕಿಯ ಬಾಗಿಲು ತೆರೆದು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೋಡಿದರು. "ಕೂಸಿಗೆ ಗಾಳಿ ಬೇಕು ಮಾರಾಯ್ತಿ, ಮೂರು ಹೊತ್ತೂ ಆ ಪ್ಲಾಸ್ಟಿಕ್ ಕಟ್ಟಿಟ್ರೆ ಇನ್ನೇನಾಗ್ತದೆ" ಎಂದರು. ಮಾತು ಅರ್ಧಕ್ಕಿಂತ ಹೆಚ್ಚು ನಿಜವೇ ಆಗಿತ್ತು. ಡೈಪರ್ ಇಲ್ಲದ ಹೊತ್ತು ಹೆಚ್ಚಿದಷ್ಟೂ ಚರ್ಮಕ್ಕೆ ಒಳ್ಳೆಯದು. ಆದರೆ ಅವರು ಅದರ ಜೊತೆಗೆ ಅರಿಶಿನ ಬೆರೆಸಿದ ಕೊಬ್ಬರಿ ಎಣ್ಣೆಯನ್ನೂ, ಮೇಲಿನಿಂದ ಟಾಲ್ಕಂ ಪೌಡರನ್ನೂ ಹೇಳಿದರು. ಪೌಡರ್ ಬೇಡವೆನ್ನಲು ನನಗೆ ಗಟ್ಟಿ ಕಾರಣವಿತ್ತು: ಮಗು ಮಲಗಿದ್ದಾಗ ಉದುರಿಸಿದ ನುಣುಪು ಪುಡಿ ಶ್ವಾಸದೊಳಗೆ ಹೋಗಬಹುದೆಂದು ಮಕ್ಕಳ ವೈದ್ಯರು ಅದನ್ನು ಬಹುಕಾಲದಿಂದ ಬೇಡವೆನ್ನುತ್ತಿದ್ದಾರೆ, ಅಲ್ಲದೆ ಅದು ಮಡಿಕೆಯಲ್ಲಿ ತೇವ ಹೀರಿ ಗಂಟುಕಟ್ಟಿ ಉಜ್ಜುತ್ತದೆ. ಅರಿಶಿನದ ವಿಚಾರದಲ್ಲಿ ನನ್ನ ತಕರಾರು ಬೇರೆಯದು. ಅದರಿಂದ ಲಾಭವೋ ನಷ್ಟವೋ ಎನ್ನುವುದಕ್ಕಿಂತ, ಒಮ್ಮೆ ಅರಿಶಿನ ಮೆತ್ತಿದರೆ ಚರ್ಮದ ನಿಜವಾದ ಬಣ್ಣವೇ ಕಾಣದು, ನಾಳೆ ವೈದ್ಯರು ನೋಡಬೇಕಾದರೂ ಅವರಿಗೆ ಕಾಣುವುದು ಹಳದಿಯೇ. ಇದನ್ನು ಹೇಳಿದಾಗ ಅತ್ತೆ, "ಅದೂ ಹೌದು" ಎಂದು ಬಟ್ಟಲನ್ನು ಒಳಗಿಟ್ಟರು.

ಸಂಜೆ ಪೇಟೆಯಿಂದ ಬರುವಾಗ ನನ್ನ ಗಂಡ ಔಷಧಿ ಅಂಗಡಿಯಲ್ಲಿ "ಮಗುವಿನ ರ‍್ಯಾಶ್‌ಗೆ" ಎಂದು ಕೇಳಿ ಒಂದು ಟ್ಯೂಬ್ ತಂದಿದ್ದರು. ಅಂಗಡಿಯವರು ಚೀಟಿ ಕೇಳಿರಲಿಲ್ಲ. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರಗಳನ್ನು ಮೊಬೈಲಿನ ಬೆಳಕಿನಲ್ಲಿ ಓದಿದಾಗ ಅದರಲ್ಲಿ ಫಂಗಸ್ ಔಷಧಿ, ಆಂಟಿಬಯೋಟಿಕ್, ಜೊತೆಗೆ ಕ್ಲೋಬೆಟಾಸಾಲ್ ಎಂಬ ಸ್ಟಿರಾಯ್ಡ್ ಮೂರೂ ಸೇರಿದ್ದವು. ಕ್ಲೋಬೆಟಾಸಾಲ್ ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್‌ಗಳಲ್ಲಿ ಅತ್ಯಂತ ಪ್ರಬಲವಾದ ಗುಂಪಿಗೆ ಸೇರಿದ್ದು. ದೊಡ್ಡವರ ಅಂಗೈಗೆ ಹಚ್ಚುವುದಕ್ಕೂ ಮಗುವಿನ ಡೈಪರಿನೊಳಗೆ ಹಚ್ಚುವುದಕ್ಕೂ ಅಜಗಜಾಂತರವಿದೆ: ಅಲ್ಲಿಯ ಚರ್ಮ ತೆಳು, ಅದರ ಮೇಲೆ ಡೈಪರ್ ಮುಚ್ಚಳದಂತೆ ಕೂತಿರುತ್ತದೆ, ಹೀಗಾಗಿ ಔಷಧಿ ಹಲವು ಪಟ್ಟು ಹೆಚ್ಚಾಗಿ ರಕ್ತಕ್ಕೆ ಸೇರಬಲ್ಲದು. ವಾರಗಟ್ಟಲೆ ಹೀಗೆ ಹಚ್ಚಿದ ಎಳೆಯ ಮಕ್ಕಳಲ್ಲಿ ಮುಖ ಊದಿಕೊಳ್ಳುವ, ಬೆಳವಣಿಗೆ ಕುಂಠಿತವಾಗುವ ಕುಶಿಂಗ್ ಸಿಂಡ್ರೋಮ್ ಕಾಣಿಸಿಕೊಂಡದ್ದನ್ನು ವೈದ್ಯಕೀಯ ಪತ್ರಿಕೆಗಳು ದಾಖಲಿಸಿವೆ. ಇಂಥ ಮುಲಾಮಿನ ಮೋಸವೆಂದರೆ ಮೊದಲ ಒಂದೆರಡು ದಿನ ಕೆಂಪು ಚಮತ್ಕಾರದಂತೆ ತಗ್ಗುತ್ತದೆ, ಫಂಗಸ್ ಇದ್ದರೆ ಅದು ಮಾತ್ರ ಒಳಗೊಳಗೇ ಹಬ್ಬುತ್ತಿರಬಹುದು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ನಿಯಮ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದರೂ ಕೌಂಟರಿನ ಮೇಲೆ ಅದು ಅಷ್ಟಾಗಿ ನಡೆಯುವುದಿಲ್ಲವೆನ್ನುವುದು ಊರಿನವರಿಗೆಲ್ಲ ಗೊತ್ತಿರುವ ಸಂಗತಿ. ಟ್ಯೂಬನ್ನು ತೆರೆಯದೆ ಮರಳಿಸಿದೆವು.

ನಮ್ಮಲ್ಲಿ ವೈದ್ಯರ ಬಳಿ ಹೋಗುವುದೆಂದರೆ ಮಳೆಯಲ್ಲಿ ಮಗುವನ್ನು ಸುತ್ತಿಕೊಂಡು ಬಸ್ಸಿಗೆ ಕಾಯುವುದು, ತಪ್ಪಿದರೆ ಬಾಡಿಗೆ ಜೀಪು ಹಿಡಿಯುವುದು. ಪ್ರತಿ ಕೆಂಪಿಗೂ ಹೊರಡಲಾಗದು, ಹೊರಡಬೇಕಾದಾಗ ಕೂರಲೂ ಆಗದು. ಮನೆಯ ಆರೈಕೆಯನ್ನು ಸರಿಯಾಗಿ ಮಾಡಿದ ಮೇಲೂ ಎರಡು ಮೂರು ದಿನಗಳಲ್ಲಿ ಇಳಿಯದ ಕೆಂಪನ್ನು ವೈದ್ಯರು ನೋಡಬೇಕು ಎಂಬುದು ಸಾಮಾನ್ಯ ಲೆಕ್ಕ. ಮೂರು ದಿನ ಮೀರಿದ ರ‍್ಯಾಶ್‌ನಲ್ಲಿ ಕ್ಯಾಂಡಿಡಾ ಎಂಬ ಫಂಗಸ್ ಸೇರಿಕೊಂಡಿರುವ ಸಾಧ್ಯತೆ ಹೆಚ್ಚು, ಅದರಲ್ಲೂ ಆಂಟಿಬಯೋಟಿಕ್ ಕೊಟ್ಟ ಬೆನ್ನಿಗೆ, ಏಕೆಂದರೆ ಕರುಳಿನಲ್ಲಿ ಅದನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಬ್ಯಾಕ್ಟೀರಿಯಾಗಳನ್ನು ಔಷಧಿ ಅಳಿಸಿಹಾಕಿರುತ್ತದೆ. ನಾನು ಮಕ್ಕಳ ವೈದ್ಯೆಗೆ ಫೋನ್ ಮಾಡಿದೆ. ಅವರು ಎಷ್ಟು ಕೆಂಪಾಗಿದೆ ಎಂದು ಒಮ್ಮೆಯೂ ಕೇಳಲಿಲ್ಲ.

"ಜ್ವರ ಇದೆಯಾ? ಹಾಲು ಕುಡೀತಿದಾಳಾ? ಮೊದಲು ಅದು ಹೇಳಿ" ಎಂದರು. ಜ್ವರವಿರಲಿಲ್ಲ, ಹಾಲು ಕುಡಿಯುತ್ತಿದ್ದಳು. ಮೂತ್ರ ಎಷ್ಟು ಸಲ ಎಂಬುದು ಅವರ ಮುಂದಿನ ಪ್ರಶ್ನೆ. ಭೇದಿಯಾಗುವ ಮಗುವಿನಲ್ಲಿ ಮೂತ್ರ ಕಡಿಮೆಯಾದರೆ ನಿರ್ಜಲೀಕರಣದ ಸೂಚನೆ. ಅದು ರ‍್ಯಾಶ್‌ಗಿಂತ ದೊಡ್ಡ ಅಪಾಯ. ಆದರೆ ಈಗಿನ ಡೈಪರುಗಳ ಒಳಗಿರುವ ಹೀರುವ ವಸ್ತು ಮೂತ್ರವನ್ನು ಹಿಡಿದಿಟ್ಟುಕೊಂಡು ಮೇಲ್ಮೈಯನ್ನು ಒಣಗಿದಂತೆಯೇ ತೋರಿಸುವುದರಿಂದ ಎಣಿಸುವುದೇ ಕಷ್ಟ. ಕೈಯಲ್ಲಿ ತೂಗಿ ನೋಡಿ, ಹೊಸ ಡೈಪರಿಗೂ ತೆಗೆದ ಡೈಪರಿಗೂ ಭಾರದ ವ್ಯತ್ಯಾಸ ಗೊತ್ತಾಗಬೇಕು ಎಂದು ಅವರು ಹೇಳಿಕೊಟ್ಟರು. ಅನಂತರ ಬಂದದ್ದು ನಿಜವಾದ ಪ್ರಶ್ನೆ: "ತೊಡೆಸಂದಿ ಬಿಡಿಸಿ ನೋಡಿದ್ರಾ? ಮಡಿಕೆಯ ತಳದಲ್ಲೂ ಹಾಗೇ ಇದೆಯಾ, ಅಥವಾ ಮೇಲೆ ಮಾತ್ರವಾ?"

ಕಿಟಕಿಯ ಹತ್ತಿರ ಮಲಗಿಸಿ, ಅತ್ತೆ ಕಾಲು ಹಿಡಿದುಕೊಂಡರು, ನಾನು ಎರಡು ಹೆಬ್ಬೆರಳಿನಿಂದ ಮಡಿಕೆಯನ್ನು ಅಗಲಿಸಿದೆ. ತಳದವರೆಗೂ ಹಸಿಯಾದ, ನೀರು ಜಿನುಗುವಂಥ ಗಾಢ ಕೆಂಪು. ದೊಡ್ಡ ಕಲೆಯ ಅಂಚಿನಲ್ಲಿ ತೆಳ್ಳಗೆ ಬಿಳಿಯ ಹೊಪ್ಪಳೆ ಎದ್ದಿತ್ತು, ಆ ಅಂಚಿನಾಚೆ, ಚೆನ್ನಾಗಿರುವ ಚರ್ಮದ ಮೇಲೆ, ರಾಗಿಕಾಳಿನಷ್ಟು ಗಾತ್ರದ ಗುಳ್ಳೆಗಳು ಅಲ್ಲೊಂದು ಇಲ್ಲೊಂದು ಚದುರಿದ್ದವು. ಇದನ್ನು ಹೇಳಿದಾಗ ಫೋಟೋ ಬೇಡವೆಂದೂ ನಾಳೆ ಬೆಳಿಗ್ಗೆಯೇ ಕರೆದುಕೊಂಡು ಬರಬೇಕೆಂದೂ ತಿಳಿಸಿದರು. ರಾತ್ರಿಯೊಳಗೆ ಜ್ವರ ಬಂದರೆ, ನೀರುಗುಳ್ಳೆ ಅಥವಾ ಕೀವು ಕಂಡರೆ, ಮಗು ಮಂಕಾಗಿ ಹಾಲು ಬಿಟ್ಟರೆ ಬೆಳಗಿನವರೆಗೆ ಕಾಯದೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕೆಂದು ಸೇರಿಸಿದರು. ಅಂತೂ "ನಾಳೆ" ಎನ್ನುವುದಕ್ಕೂ "ಈಗಲೇ" ಎನ್ನುವುದಕ್ಕೂ ನಡುವೆ ಗೆರೆ ಎಲ್ಲಿದೆಯೆಂದು ಯಾರೋ ಸ್ಪಷ್ಟವಾಗಿ ಹೇಳಿದ್ದು ಅದೇ ಮೊದಲು, ಮತ್ತು ಆ ರಾತ್ರಿ ನಾನು ನಿದ್ದೆ ಮಾಡಿದ್ದಕ್ಕೆ ಅದೇ ಕಾರಣ.

ಚಿಕಿತ್ಸಾಲಯದಲ್ಲಿ ವೈದ್ಯೆ ಡೈಪರ್ ಬಿಚ್ಚುವ ಮೊದಲು ಬಾಯಿ ನೋಡಿದರು. ನಾಲಿಗೆಯ ಮೇಲೆ, ಕೆನ್ನೆಯ ಒಳಬದಿಯಲ್ಲಿ, ಒರೆಸಿದರೂ ಹೋಗದ ಮೊಸರಿನಂಥ ಬಿಳಿ ಪದರವಿದ್ದರೆ ಅಲ್ಲೂ ಅದೇ ಫಂಗಸ್ ಇದೆಯೆಂದು ಅರ್ಥ, ಆಗ ಕೆಳಗೆ ಮಾತ್ರ ಹಚ್ಚಿದರೆ ಸಾಲದು. ಮಗಳ ಬಾಯಿ ಶುಭ್ರವಾಗಿತ್ತು. ಹಾಲೂಡಿಸುವಾಗ ನನ್ನ ಮೊಲೆತೊಟ್ಟಿನಲ್ಲಿ ಉರಿ, ಚುಚ್ಚಿದಂಥ ನೋವು ಇದೆಯೇ ಎಂದೂ ಕೇಳಿದರು. ಆಮೇಲೆ ಕುತ್ತಿಗೆಯ ಮಡಿಕೆ, ಕಂಕುಳು, ಅಂಗೈ, ಅಂಗಾಲು, ನೆತ್ತಿ ಎಲ್ಲವನ್ನೂ ನೋಡಿ, ತೂಕ ಮಾಡಿ, ಹಿಂದಿನ ತೂಕದೊಂದಿಗೆ ತಾಳೆ ಹಾಕಿ, ಕೊನೆಗೆ ಡೈಪರಿನ ಜಾಗಕ್ಕೆ ಬಂದರು. ಪರೀಕ್ಷೆಗೆ ಏನನ್ನೂ ಕಳಿಸಲಿಲ್ಲ. ಮಡಿಕೆಯೊಳಗಿನ ಕೆಂಪು ಮತ್ತು ಅಂಚಿನಾಚೆಯ ಬಿಡಿಗುಳ್ಳೆಗಳು ಎರಡೂ ಸೇರಿದರೆ ಕ್ಯಾಂಡಿಡಾ ಎನ್ನಲು ಕಣ್ಣೇ ಸಾಕೆಂದರು.

ಇಡೀ ಮೈ ಏಕೆ ನೋಡಿದಿರಿ ಎಂಬ ನನ್ನ ಪ್ರಶ್ನೆಗೆ ಅವರು ಕೊಟ್ಟ ವಿವರಣೆಯೇ ಈ ಬರಹ ಬರೆಯಲು ಪ್ರೇರಣೆ. ಡೈಪರಿನ ಜಾಗದಲ್ಲಿ ಕಾಣುವುದೆಲ್ಲ ಡೈಪರಿನಿಂದಲೇ ಬಂದದ್ದಲ್ಲ. ಮಳೆಗಾಲದಲ್ಲಿ ಅಂಗನವಾಡಿಗಳಲ್ಲಿ ಹರಡುವ ಕೈ-ಕಾಲು-ಬಾಯಿ ಜ್ವರದ ಗುಳ್ಳೆಗಳು ಎಷ್ಟೋ ಸಲ ಅಂಡಿನ ಮೇಲೂ ಏಳುತ್ತವೆ, ತಾಯಂದಿರು ಅದನ್ನು ಡೈಪರ್ ರ‍್ಯಾಶ್ ಎಂದುಕೊಂಡು ಬರುತ್ತಾರೆ. ಅಂಗೈ ಮತ್ತು ಬಾಯಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಜೇನಿನ ಬಣ್ಣದ ಹಕ್ಕಳೆ ಕಟ್ಟಿದ್ದರೆ, ಕೀವುಗುಳ್ಳೆ ಒಡೆದಿದ್ದರೆ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ ಸೋಂಕಿರಬಹುದು. ಗುದದ್ವಾರದ ಸುತ್ತ ಮಾತ್ರ ಸ್ಪಷ್ಟ ಅಂಚಿನ ಕಡುಗೆಂಪು ಇದ್ದು, ಮಗು ಮಲ ಹೋಗುವಾಗ ಕಿರುಚಿದರೆ, ಮಲದ ಮೇಲೆ ರಕ್ತದ ಗೆರೆ ಕಂಡರೆ ಅದು ಸ್ಟ್ರೆಪ್ಟೋಕಾಕಸ್ ಆಗಿರಬಹುದು, ಅದಕ್ಕೆ ಬಾಯಿಯಿಂದ ಕೊಡುವ ಆಂಟಿಬಯೋಟಿಕ್ಕೇ ಬೇಕು, ಯಾವ ಮುಲಾಮಿಗೂ ಜಗ್ಗುವುದಿಲ್ಲ. ಬೆರಳ ಸಂದಿಯಲ್ಲೂ ಗುಳ್ಳೆ, ರಾತ್ರಿ ಹೆಚ್ಚುವ ತುರಿಕೆ, ಮನೆಯ ಬೇರೆಯವರಿಗೂ ತುರಿಕೆ ಇದ್ದರೆ ಕಜ್ಜಿಯನ್ನು ನೆನೆಯಬೇಕು.

ಅಪರೂಪದ್ದನ್ನೂ ಅವರು ಬಿಡಲಿಲ್ಲ, ಆದರೆ ಹೆದರಿಸುವ ಧಾಟಿಯಲ್ಲಿ ಹೇಳಲಿಲ್ಲ. ಬಾಯಿಯ ಸುತ್ತ, ಕೈಕಾಲುಗಳ ತುದಿಯಲ್ಲಿ ಮತ್ತು ಡೈಪರಿನ ಜಾಗದಲ್ಲಿ ಒಟ್ಟಿಗೇ ಚರ್ಮ ಸುಲಿದಂತಾಗಿ, ಜೊತೆಗೆ ನಿಲ್ಲದ ಭೇದಿ, ಕೂದಲುದುರುವಿಕೆ, ಕಿರಿಕಿರಿ ಇದ್ದರೆ ದೇಹಕ್ಕೆ ಸತುವಿನ (ಜಿಂಕ್) ಅಂಶ ದಕ್ಕುತ್ತಿಲ್ಲವೇ ಎಂದು ನೋಡಬೇಕಾಗುತ್ತದೆ. ಎದೆಹಾಲು ಬಿಡಿಸಿದ ಮೇಲೆ ಅದು ಕಾಣಿಸಿಕೊಳ್ಳುವುದುಂಟು. ಸರಿಯಾದ ಔಷಧಿಗೂ ಬಗ್ಗದೆ ಫಂಗಸ್ ಮತ್ತೆ ಮತ್ತೆ ಬರುತ್ತಿದ್ದು, ಮಗು ವಿಪರೀತ ಮೂತ್ರ ಹೊಯ್ಯುತ್ತ, ಬಾಯಾರಿ, ತೂಕ ಕಳೆದುಕೊಳ್ಳುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷಿಸಬೇಕು. ತೂಕ ಏರದಿರುವುದು ಅವರ ಪ್ರಕಾರ ಯಾವುದೇ ರ‍್ಯಾಶ್‌ಗಿಂತ ಮುಖ್ಯವಾದ ಗುರುತು. ಇನ್ನು ಒಂದು ತಿಂಗಳೊಳಗಿನ ಶಿಶುವಿಗೆ ಡೈಪರಿನ ಜಾಗದಲ್ಲಿ ಗುಳ್ಳೆಯೆದ್ದರೆ ಅಥವಾ ಮೂರು ತಿಂಗಳೊಳಗಿನ ಮಗುವಿಗೆ ರ‍್ಯಾಶ್ ಜೊತೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ದಿನ ಎಣಿಸುತ್ತ ಕೂರುವ ಪ್ರಶ್ನೆಯೇ ಇಲ್ಲವೆಂದರು.

ನಮಗೆ ಬರೆದುಕೊಟ್ಟದ್ದು ಶೇಕಡಾ 1ರ ಕ್ಲೋಟ್ರಿಮಜೋಲ್ ಎಂಬ ಫಂಗಸ್ ಔಷಧಿಯ ಕ್ರೀಮ್, ಸ್ಟಿರಾಯ್ಡ್ ಬೆರಸಿಲ್ಲದ್ದು. ಚೀಟಿಯಲ್ಲಿ "ಬರಿಯ" ಎಂಬ ಪದಕ್ಕೆ ಅವರು ಅಡಿಗೆರೆ ಎಳೆದರು, ಏಕೆಂದರೆ ಅದೇ ಹೆಸರಿನ ಹಿಂದೆ ಒಂದು ಅಕ್ಷರ ಸೇರಿಸಿ ಸ್ಟಿರಾಯ್ಡ್ ಇರುವ ಟ್ಯೂಬುಗಳೂ ಸಿಗುತ್ತವೆ. ಹಚ್ಚುವ ಕ್ರಮವನ್ನೂ ತೋರಿಸಿದರು. ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗುವವರೆಗೆ ಬಿಡಬೇಕು. ತೇವದ ಮೇಲೆ ಹಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತೆ. ಮೊದಲು ಕ್ಲೋಟ್ರಿಮಜೋಲನ್ನು ತೆಳ್ಳಗೆ, ಬಿಡಿಗುಳ್ಳೆಗಳಿರುವ ಜಾಗ ದಾಟುವಂತೆ ಸವರಬೇಕು, ಅದು ಹೀರಿಕೊಂಡ ಮೇಲೆ ಜಿಂಕ್ ಆಕ್ಸೈಡನ್ನು ಚರ್ಮ ಕಾಣದಷ್ಟು ದಪ್ಪಗೆ ಹಚ್ಚಬೇಕು. ಫಂಗಸ್ ಔಷಧಿ ದಿನಕ್ಕೆ ಎರಡು ಬಾರಿ, ಜಿಂಕ್ ಆಕ್ಸೈಡ್ ಪ್ರತಿ ಬದಲಾವಣೆಗೂ. ಮುಂದಿನ ಸಲ ತೊಳೆಯುವಾಗ ಮಲದ ಭಾಗವನ್ನಷ್ಟೇ ತೆಗೆಯಬೇಕು, ಶುಭ್ರವಾಗಿ ಉಳಿದ ಬಿಳಿಯ ಪದರವನ್ನು ಕೆರೆದು ತೆಗೆಯಬೇಕಾಗಿಲ್ಲ. ಈ ಕೊನೆಯ ಮಾತು ನಮ್ಮ ಮನೆಯಲ್ಲಿ ದೊಡ್ಡ ಬದಲಾವಣೆ ತಂದಿತು, ಯಾಕೆಂದರೆ ಅತ್ತೆಗೂ ನನಗೂ ಶುಚಿ ಎಂದರೆ ಒರೆಸಿ ಹೊಳೆಯಿಸುವುದೇ ಆಗಿತ್ತು. ಭೇದಿಗೆ ಓಆರ್‌ಎಸ್ ಮತ್ತು ಸತುವಿನ ಮಾತ್ರೆಯನ್ನು ಪ್ರತ್ಯೇಕವಾಗಿ ಕೊಟ್ಟರು. ಭೇದಿಗೆ ಬಾಯಿಯಿಂದ ಕೊಡುವ ಸತುವೇ ಬೇರೆ, ಚರ್ಮಕ್ಕೆ ಹಚ್ಚುವ ಸತುವೇ ಬೇರೆ, ಒಂದಕ್ಕೆ ಇನ್ನೊಂದು ಬದಲಿಯಲ್ಲ ಎಂದು ಗಂಡನಿಗೆ ಒತ್ತಿ ಹೇಳಿದರು.

ಬಟ್ಟೆಯ ಪ್ರಶ್ನೆಯನ್ನು ಅತ್ತೆಯೇ ಎತ್ತಿದರು: ಡೈಪರ್ ಬಿಟ್ಟು ಲಂಗೋಟಿಗೆ ಮರಳಬೇಕೇ? ವೈದ್ಯೆ ಯಾರ ಪಕ್ಷವನ್ನೂ ವಹಿಸಲಿಲ್ಲ. ಒದ್ದೆ ಲಂಗೋಟಿ ಮಗುವಿನ ಮೈಮೇಲೆ ಉಳಿದರೆ ಡೈಪರಿಗಿಂತ ಕೇಡು. ಒದ್ದೆಯಾದ ಕ್ಷಣ ಬದಲಿಸುವವರಿದ್ದರೆ, ಒಣಗಿದ ಲಂಗೋಟಿ ಸಾಕಷ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಹಗಲು ಮಗುವನ್ನು ಎತ್ತಿಕೊಳ್ಳುವವರಿರುವಾಗ ಬಟ್ಟೆ ಹಾಸಿ ಹಾಗೇ ಬಿಡುವುದು, ರಾತ್ರಿಗೆ ಒಂದು ಅಳತೆ ದೊಡ್ಡದಾದ ಡೈಪರನ್ನು ಸಡಿಲವಾಗಿ ಕಟ್ಟುವುದು ಎಂದು ಒಪ್ಪಂದವಾಯಿತು. ಲಂಗೋಟಿ ಒಗೆಯುವಾಗ ಸೋಪಿನ ಅಂಶ ಉಳಿಯದಂತೆ ಇನ್ನೊಂದು ಸಲ ಜಾಲಿಸಬೇಕು, ಬಚ್ಚಲೊಲೆಯ ಮೇಲೆ ಒಣಗಿಸಿದರೂ ಕೊನೆಗೆ ಇಸ್ತ್ರಿ ಹಾಕಿ ತೇವ ತೆಗೆಯಬೇಕು. ಕರೆಂಟು ಇದ್ದಾಗ ನೋಡಿಕೊಂಡು ಇಸ್ತ್ರಿ ಹಾಕುವ ಜವಾಬ್ದಾರಿ ನನ್ನ ಗಂಡನ ಪಾಲಿಗೆ ಬಂತು.

ಔಷಧಿ ಹಚ್ಚಿದ ಮೊದಲ ದಿನ ವ್ಯತ್ಯಾಸವೇನೂ ಕಾಣಲಿಲ್ಲ. ಮಗಳ ಅಳು ಮಾತ್ರ ಕಡಿಮೆಯಾಯಿತು, ಅದೂ ಬಹುಶಃ ದಪ್ಪ ಮುಲಾಮಿನ ಹೊದಿಕೆಯಿಂದ. ಆಮೇಲೆ ಹೊಸ ಗುಳ್ಳೆ ಏಳುವುದು ನಿಂತಿತು, ಮಡಿಕೆಯ ತಳ ಒಣಗತೊಡಗಿತು, ಕೊನೆಗೆ ದೊಡ್ಡ ಕಲೆಯ ಬಣ್ಣ ಇಳಿಯಿತು. ಗುಣವಾಗುವ ಕ್ರಮ ಹೀಗೇ ಇರುತ್ತದೆಂದು ಮೊದಲೇ ಹೇಳಿದ್ದರಿಂದ ಔಷಧಿ ಬದಲಿಸುವ ಆತುರ ಹುಟ್ಟಲಿಲ್ಲ. ಕೆಂಪು ಹೋದ ಮೇಲೂ ಕೆಲವು ದಿನ ಕ್ಲೋಟ್ರಿಮಜೋಲ್ ಮುಂದುವರಿಸಬೇಕೆಂದೂ, ಒಂದು ವಾರದಲ್ಲಿ ಸುಧಾರಣೆಯ ಲಕ್ಷಣವೇ ಇಲ್ಲವಾದರೆ ರೋಗನಿರ್ಣಯವನ್ನೇ ಮತ್ತೆ ನೋಡಬೇಕಾಗುವುದರಿಂದ ಮರಳಿ ಬರಬೇಕೆಂದೂ ಅವರ ಸೂಚನೆಯಿತ್ತು. ಹಾಗೆ ಹೋಗುವ ಪ್ರಸಂಗ ಬರಲಿಲ್ಲ.

ಆದರೆ ಲಸಿಕೆಗೆಂದು ಹೋದಾಗ ಅತ್ತೆ ಇನ್ನೊಂದನ್ನು ಕೇಳಿಯೇಬಿಟ್ಟರು. ಕೆಂಪಿದ್ದ ಜಾಗಗಳಲ್ಲಿ ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಮಚ್ಚೆಗಳು ಉಳಿದಿದ್ದವು, ತೊನ್ನಿನ ಭಯ ಅವರನ್ನು ಕಾಡುತ್ತಿತ್ತು. ವೈದ್ಯೆ ಬೆಳಕಿಗೆ ಹಿಡಿದು ನೋಡಿ, ಇದು ಉರಿಯೂತ ಇಳಿದ ಮೇಲೆ ಕಪ್ಪು ಮೈಬಣ್ಣದ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು, ಬಣ್ಣ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ ಅಷ್ಟೆ, ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿ ಕೂಡಿಕೊಳ್ಳುತ್ತದೆ, ಅದಕ್ಕೆಂದು ಯಾವ ಮುಲಾಮನ್ನೂ ಹಚ್ಚಬಾರದು ಎಂದರು. ಮನೆಯಲ್ಲಿ ಉಳಿದ ಅರ್ಧ ಟ್ಯೂಬ್ ಕ್ಲೋಟ್ರಿಮಜೋಲಿನ ಬಗ್ಗೆ ನಾನು ಕೇಳಿದೆ. ಮುಂದೆ ಕೆಂಪಾದಾಗಲೆಲ್ಲ ಅದನ್ನು ಹಚ್ಚುವುದು ಬೇಡ; ಮೊದಲು ಮಡಿಕೆ ಬಿಡಿಸಿ ನೋಡಿ, ಅಲ್ಲಿ ಚೆನ್ನಾಗಿದ್ದರೆ ಜಿಂಕ್ ಆಕ್ಸೈಡ್ ಮತ್ತು ಗಾಳಿ ಸಾಕು, ಅಲ್ಲೂ ಕೆಂಪಿದ್ದರೆ ಫೋನ್ ಮಾಡಿ ಎಂದರು.